ಎಡಗಡೆಯ ಕಿಟಕಿ

ಇವತ್ತು ಹಿರಿಯಡ್ಕದ ಇಳಿಜಾರಿನಲ್ಲಿ ಬ್ರೇಕ್ ಕಾದ ವಾಸನೆ ಮೂಗಿಗೆ ಬಡಿದಾಗ ಆ ಮಧ್ಯಾಹ್ನ ನೆನಪಾಯಿತು.

ನನಗಾಗ ಎಂಟು ವರ್ಷ. ಗಾಡಿಗಳೆಲ್ಲ ರಸ್ತೆಯ ಬಲಕ್ಕೆ ಓಡುವ ದುಬೈಯಿಂದ ರಜೆಗೆ ಬಂದಿದ್ದ ಮಾವ ಕಾರು ಓಡಿಸುತ್ತಿದ್ದರು. ನಾನು ಅವರ ಪಕ್ಕದಲ್ಲಿ, ಎಡಗಡೆಯ ಕಿಟಕಿಗೆ ಒರಗಿ ಕೂತಿದ್ದೆ. ಒಂದೇ ಗಾಡಿ ಹಿಡಿಸುವ ಗುಡ್ಡದ ರಸ್ತೆ. ತಿರುವಿನಲ್ಲಿ ಎದುರಿಂದ ರಿಕ್ಷಾ ಬಂತು. ಮಾವ ಗಕ್ಕನೆ ಸ್ಟೇರಿಂಗ್ ತಿರುಗಿಸಿದರು. ಕಾರು ನಿಂತಿತು, ರಿಕ್ಷಾ ಚರಂಡಿಗೆ ಇಳಿಯಿತು.

"ಎಡ ಬಲ ಗೊತ್ತುಂಟಾ ಮಾರಾಯ್ರೆ? ಇದೆಂತ ದುಬೈಯಾ?" ಎಂದು ಮಾವನ ಗುರುತಿದ್ದ ರಿಕ್ಷಾದವನು ಕಿರುಚಿದ. ಅವನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

ಮಾವ ನನ್ನತ್ತ ತಿರುಗಿದರು. "ನಾನು ಎಡಕ್ಕೇ ತಂದದ್ದು ಅಲ್ವಾ ಮಗಾ? ನೀನೇ ನೋಡಿದ್ದೀಯಲ್ಲ."

"ಹೌದು" ಎಂದೆ.

ಕಿಟಕಿಯ ಗಾಜಿಗೆ ಒತ್ತಿಕೊಂಡ ಕಾಡುಗಿಡದ ಒರಟು ಎಲೆಗಳು ನೆನಪಿವೆ. ಹಾಗಾದರೆ ಕಾರು ಎಡಕ್ಕೇ ಸರಿದಿರಬೇಕು. ಆದರೆ ಅದೇ ಗಾಜಿನಾಚೆ, ಗೇಣು ದೂರದಲ್ಲಿ, ಚರಂಡಿಗೆ ಜಾರುತ್ತಿದ್ದ ರಿಕ್ಷಾದವನ ಹೆದರಿದ ಮುಖವೂ ನೆನಪಿದೆ. ಹಾಗಾದರೆ ಬಲಕ್ಕೆ ಸರಿದಿರಬೇಕು. ಒಂದೇ ಕಿಟಕಿಯಲ್ಲಿ ಎರಡೂ ಹೇಗೆ ಕಂಡವು?

ರಜೆ ಮುಗಿಯುವವರೆಗೂ ಮಾವ ಕಾರಿನ ಕೀ ಮುಟ್ಟಲಿಲ್ಲ. ಕಾರ್ಕಳಕ್ಕೆ ನಾವು ಬಸ್ಸಿನಲ್ಲೇ ಹೋದೆವು. ಕಿಟಕಿ ಪಕ್ಕದ ಸೀಟನ್ನು ನನಗೇ ಬಿಡುತ್ತಿದ್ದರು. ಏನು ಕಾಣಿಸುತ್ತಿದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.