ಊಟದ ನಡುವೆ ಬಂದ ಫೋನು

ಮೋಹನ್ ಕುಮಾರನ ಫೋನು ಬಡಿದುಕೊಂಡಾಗ ಅವನ ಎರಡೂ ಕೈಗೆ ಬದನೆಕಾಯಿ ಎಣಗಾಯಿ ಮೆತ್ತಿತ್ತು. ಬೆಂಗಳೂರಿನ ಕುರುಬರಹಳ್ಳಿಯ ಹುಡುಗ, ಜೋಳದ ರೊಟ್ಟಿ ಒಂದೇ ಕೈಯಲ್ಲಿ ಮುರಿಯಲು ಬಾರದು. ಸಾಲ ವಸೂಲಿಗೆಂದು ಜೋರು ಮಾಡುತ್ತ ಬಂದವನನ್ನು “ಮೊದಲು ಉಣ್ರಿ, ಆಮ್ಯಾಲೆ ಬೈರಿ” ಎಂದು ಕೂರಿಸಿದ್ದಳು ಹೊಸಹಳ್ಳಿ ಖಾನಾವಳಿಯ ಕಸ್ತೂರೆವ್ವ. ಅವಳು ಯಾರ ಹತ್ತಿರವೂ ಸಾಲ ಮಾಡಿರಲಿಲ್ಲ. ಆದರೂ ಇವನ ಏಜೆನ್ಸಿ ಅವಳ ಕ್ರೆಡಿಟ್ ರಿಪೋರ್ಟ್ ತೆಗೆಸಿತ್ತು. ವಸೂಲಿಯವರು ಅದನ್ನು ನೋಡಿದ್ದಾರೆಂದು ಗೊತ್ತಾಗಿ, ಅವಳಿಗೆ ಹಳೇ ಬಾಕಿ ಇದೆಯೆಂದುಕೊಂಡ ಬ್ಯಾಂಕು, ಪಕ್ಕದ ಮಳಿಗೆ ಹಿಡಿಯಲು ಅವಳು ಕೇಳಿದ್ದ ಲೋನನ್ನು ತಡೆದಿತ್ತು.

“ಅಕ್ಕಾ, ಸ್ವಲ್ಪ ಸ್ಪೀಕರ್‌ಗೆ ಹಾಕಿ, ನಮ್ ಬಾಸು” ಎಂದ ಮೋಹನ. ಅವಳು ಬಟನ್ ಒತ್ತಿ ಅವನ ಮುಂದೆ ಹಿಡಿದಳು.

“ಲೋ ಮೋಹನಾ, ಎಡವಟ್ಟಾಗಿದೆ ಕಣೋ. ಸಾಲ ತಗೊಂಡಿರೋ ಕಸ್ತೂರೆವ್ವ ಬೇರೆಯವಳು, ಉಲ್ಲಾಳದವಳಂತೆ. ನಾವು ಈ ಯಮ್ಮನ ರಿಪೋರ್ಟ್ ತೆಗೆಸ್ಬಿಟ್ಟಿದೀವಿ. ಗೊತ್ತಾದ್ರೆ ಕಂಪ್ಲೇಂಟ್ ಕೊಡ್ತಾಳೆ, ಏನೂ ಹೇಳ್ದೆ ಎದ್ದು ಬಾ.” ಉಣ್ಣುತ್ತಿದ್ದವರೆಲ್ಲ ತುತ್ತು ಹಿಡಿದು ಇತ್ತ ತಿರುಗಿದರು. ಮೋಹನ ತಟ್ಟೆಯನ್ನೇ ನೋಡುತ್ತಿದ್ದ.

ಕಸ್ತೂರೆವ್ವನಿಗೆ ಸಿಟ್ಟಿಗಿಂತ ಮೊದಲು ನಗು ಬಂತು. “ಸಾಹೇಬ್ರ, ಆ ಯಮ್ಮ ನಾನ ಮಾತಾಡಾಕತ್ತೇನ್ರಿ. ತಪ್ಪು ನಮ್ದು, ಈಕೀದಲ್ಲ ಅಂತ ಬ್ಯಾಂಕಿಗೆ ಒಂದು ಪತ್ರ ಬರದು ಕಳಸ್ರಿ.”

ಆ ಕಡೆ ಕೆಮ್ಮು ಕೇಳಿಸಿತು. “ಆಯ್ತಮ್ಮ, ಸಂಜೆಯೊಳಗೆ ಕಳಿಸ್ತೀನಿ. ನಮ್ ಹುಡುಗನ್ನ ಬಿಟ್ಬಿಡಿ.”

“ನಾನೇನು ಹಿಡ್ಕೊಂಡಿಲ್ರಿ. ಪತ್ರ ಬರೂತನಕ ಉಣ್ತಿರ್ತಾನ” ಎಂದು ಅವಳು ಮೋಹನನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.