ತಬಿಥಾ ಹೊಲಿದ ಅಂಗಿಗಳು

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ಇಳಕಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ತೀರಿಹೋಗಿ ವರ್ಷವಾಗಿತ್ತು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಅವ್ವನ ತಂಗಿ ಚಿಗವ್ವ, ಯೇಸುವಿನ ಶಿಷ್ಯರ ಕಾಲದ ಕಾದಂಬರಿಯೊಂದನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ಬಡ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾ ಸತ್ತಿದ್ದಳು. ಆ ವಿಧವೆಯರು ಅಳುತ್ತ, ಅವಳು ಹೊಲಿದ ಅಂಗಿಗಳನ್ನು ಶಿಷ್ಯ ಪೇತ್ರನಿಗೆ ತೋರಿಸಿದರು.

"ಸ್ವಲ್ಪ ತಡಿ," ಎಂದು ಅಜ್ಜಿ ಎದ್ದು ಒಳಗೆ ಹೋದಳು. ಟ್ರಂಕಿನಿಂದ ದಾಳಿಂಬೆ ಬಣ್ಣದ ಸೀರೆ ತಂದು ನನ್ನ ತೊಡೆಯ ಮೇಲೆ ಹರವಿದಳು.

"ನಿಮ್ಮವ್ವ ನೇಯ್ದದ್ದು. ಮುಟ್ಟಿ ನೋಡು."

ನಾನು ಮುಟ್ಟಿದೆ. ಅಜ್ಜಿ ಜೋರಾಗಿ ಅತ್ತುಬಿಟ್ಟಳು.

"ಮುಂದ ಏನಾತು, ಚಿಗವ್ವಾ?" ಎಂದು ಕೇಳಿದೆ.

"ನಾಳಿ ಓದ್ತೇನಿ," ಎಂದು ಅವಳು ಪುಸ್ತಕ ಮುಚ್ಚಿದಳು.

ಪೇತ್ರ ಕರೆದಾಗ ತಬಿಥಾ ಕಣ್ಣು ತೆರೆದು ಎದ್ದು ಕೂತಳೆಂದು ನಾನು ಓದಿದ್ದು ದೊಡ್ಡವಳಾದ ಮೇಲೆ.