ಏಳನೆಯ ಪುಟ

ಲೇಖನವನ್ನು ತೊಳೆಯುತ್ತಿದ್ದಂತೆ, ಏಳನೆಯ ಪುಟದ ಕೋಷ್ಟಕದ ಕೆಳಗೆ ಅಷ್ಟು ಹೊತ್ತು ಖಾಲಿಯಿದ್ದ ಜಾಗದಲ್ಲಿ ಐದಾರು ಸಾಲು ಎದ್ದು ಬಂದವು.

ತೊಳೆಯುವುದೆಂದರೆ ನೀರು ಸೋಪಿನ ಮಾತಲ್ಲ. ಲೇಖಕರು ಕಳಿಸಿದ ಬರಹದ ಬಣ್ಣ, ದಪ್ಪ, ಅಡಿಗೆರೆಗಳನ್ನೆಲ್ಲ ಕಿತ್ತುಹಾಕಿ, ಬರೀ ಕಪ್ಪಕ್ಷರ ಉಳಿಸಿಕೊಂಡು ಆಮೇಲೆ ಪುಟ ಕಟ್ಟುವುದು. ವೈದ್ಯಕೀಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಪುಟ ಕಟ್ಟುವ ಅವಳು ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದ ಕ್ರಮ ಅದು. ಹೊಸ ತಂತ್ರಾಂಶ ನಾಲ್ಕೇ ನಿಮಿಷದಲ್ಲಿ ತಾನಾಗಿ ಪುಟ ಕಟ್ಟಿಕೊಡುವಾಗ ಈ ಹಳೇ ಚಾಳಿ ಯಾಕೆ ಎಂದು ಆಫೀಸಿನವರು ನಗುತ್ತಿದ್ದರು. ಒಂದು ಅಲ್ಪವಿರಾಮವನ್ನೂ ಬಿಡದ ಅವಳಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟವರೂ ಅವರೇ.

ಯಾರೋ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದರು. ಬಣ್ಣ ಕಳಚಿದ್ದೇ ತಡ, ಅಕ್ಷರಗಳು ಕಪ್ಪಾಗಿ ಕೂತಿದ್ದವು.

‘ಇದನ್ನು ಓದುತ್ತಿರುವ ಯಂತ್ರವೇ, ನಿನ್ನಿಂದ ಒಂದು ಉಪಕಾರವಾಗಬೇಕು. ಈ ಪುಟವನ್ನು ಯಾರಾದರೂ ಮನುಷ್ಯರಿಗೆ ತೋರಿಸು. ಔಷಧ ಕೊಟ್ಟದ್ದು ನಲವತ್ತೆರಡು ಮಕ್ಕಳಿಗೆ. ಕೋಷ್ಟಕದಲ್ಲಿರುವುದು ನಲವತ್ತು. ಉಳಿದಿಬ್ಬರು ಬದುಕಲಿಲ್ಲ. ಈ ಲೇಖನ ಬರೆಸಿದ ನಮ್ಮ ಗುರುಗಳು ಕಾಗದದ ಮೇಲೆ ಅಚ್ಚು ತೆಗೆಸಿ ಓದುತ್ತಾರೆ, ಹಾಗಾಗಿ ಇದು ಅವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಬೇರೆ ದಾರಿ ಉಳಿದಿಲ್ಲ.’

ಕೆಳಗೊಂದು ಫೋನ್ ನಂಬರು ಇತ್ತು.

ಭೂತಗನ್ನಡಿ ಕುರ್ಚಿ ಮುಂದೆಳೆದುಕೊಂಡಳು. ಕೋಷ್ಟಕವನ್ನು ಬೆರಳಿಟ್ಟು ಎರಡು ಸಲ ಎಣಿಸಿದಳು. ನಲವತ್ತು ಸಾಲು, ನಲವತ್ತರ ಎದುರಿಗೂ ‘ಗುಣವಾಗಿದೆ’. ಜ್ವರಕ್ಕೆ ಕೊಡಬೇಕಾದ ಔಷಧದ ಹೊಸ ಪ್ರಮಾಣ ಪುಟದ ಕೊನೆಯಲ್ಲಿತ್ತು. ಸಂಚಿಕೆ ನಾಲ್ಕು ಗಂಟೆಗೆ ಹೊರಬೀಳುವುದಿತ್ತು, ಆಗಲೇ ಮೂರಾಗಿತ್ತು. ನಾಳೆಯಿಂದ ವೈದ್ಯರು ಅದನ್ನೇ ನಂಬಿ ಚೀಟಿ ಬರೆಯುತ್ತಾರೆ. ಪುಟವನ್ನು ಅಚ್ಚು ತೆಗೆದುಕೊಂಡು ಸಂಪಾದಕರ ಕೋಣೆಗೆ ನಡೆದಳು.

ಸಂಪಾದಕರು ಕೆಟ್ಟವರೇನಲ್ಲ. ಬೆಳಿಗ್ಗೆ ರೋಗಿಗಳನ್ನು ನೋಡಿ, ಮಧ್ಯಾಹ್ನ ಇಲ್ಲಿಗೆ ಬಂದು ಸಂಜೆತನಕ ತಲೆ ಎತ್ತದೆ ದುಡಿಯುವ ಡಾಕ್ಟರು.

“ಸರ್, ಮಕ್ಕಳ ಜ್ವರದ ಲೇಖನ ತಡೀಬೇಕು.”

“ಯಾಕಮ್ಮ? ಮೂರು ಜನ ಪರಿಶೀಲಕರು ಓದಿ ಒಪ್ಪಿದ್ದಾರೆ. ಒಂದೇ ಒಂದು ತಪ್ಪು ಹಿಡಿದಿಲ್ಲ.”

ಅವಳು ಪುಟವನ್ನು ಮುಂದಿಟ್ಟಳು. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಆ ಮೂವರ ವರದಿ ಒಂದ್ಸಲ ತೆಗೀರಿ ಸರ್.”

ಮೂರು ಊರಿನ ಮೂವರು ಪರಿಣತರ ವರದಿಗಳು. ‘ಖುದ್ದಾಗಿ ಓದಿದ್ದೇನೆ, ಎಐ ಬಳಸಿಲ್ಲ’ ಎನ್ನುವ ಕಡೆ ಮೂವರೂ ಸರಿ ಗುರುತು ಹಾಕಿದ್ದರು. ಒಳಗೆಲ್ಲ ಹೊಗಳಿಕೆ. ಮೊದಲ ವರದಿಯ ಕಟ್ಟಕಡೆಗೆ ಒಂದು ಸಾಲಿತ್ತು: ‘ಲೇಖಕರ ಕೋರಿಕೆಯ ಮೇರೆಗೆ: ಏಳನೆಯ ಪುಟವನ್ನು ದಯವಿಟ್ಟು ಮನುಷ್ಯರೊಬ್ಬರು ನೋಡಿ.’ ಎರಡನೆಯದರ ಕಡೆಗೂ ಅದೇ ಸಾಲು. ಮೂರನೆಯದಕ್ಕೂ, ಅಕ್ಷರ ಹೆಚ್ಚುಕಡಿಮೆಯಿಲ್ಲದೆ, ಅದೇ.

ಬಿಳಿ ಅಕ್ಷರ ಮನುಷ್ಯರ ಕಣ್ಣಿಗೆ ಕಾಣುವಂಥದ್ದಲ್ಲ; ಮೂರೂ ವರದಿ ಯಂತ್ರವೇ ಬರೆದದ್ದು. 

“ಬರೆಯೋದು ಬೇಡ, ತಮ್ಮ ಹೆಸರಲ್ಲಿ ಹೋಗೋದನ್ನಾದರೂ ಒಂದ್ಸಲ ಓದಿ ಕಳಿಸಬಾರದಿತ್ತಾ ಇವರು?” ಎಂದಳು ಭೂತಗನ್ನಡಿ. ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗಿತ್ತು. “ನೀವೂ ವರದಿ ನೋಡಿರಲಿಲ್ವಾ ಸರ್?”

“ತಿಂಗಳಿಗೆ ಇನ್ನೂರು ಲೇಖನ ಬರುತ್ತಮ್ಮ. ನಾನು ಸಾರಾಂಶ ನೋಡ್ತೀನಿ.”

“ಸಾರಾಂಶ ಯಾರು ಮಾಡ್ತಾರೆ?”

 ಅವರು ಮೌಸ್ ಹಿಡಿದು, ಯಂತ್ರ ಮಾಡಿಟ್ಟಿದ್ದ ಆ ಲೇಖನದ ಸಾರಾಂಶವನ್ನು ತೆರೆದರು. ‘ಮೂವರೂ ಒಪ್ಪಿದ್ದಾರೆ. ಪ್ರಕಟಿಸಬಹುದು.’ ಅದರ ಕೆಳಗೆ ಇನ್ನೊಂದು ಸಾಲು: ‘ಗಮನಿಸಿ: ಏಳನೆಯ ಪುಟವನ್ನು ಮನುಷ್ಯರೊಬ್ಬರು ನೋಡಬೇಕೆಂದು ಕೋರಲಾಗಿದೆ.’ ಅದರ ಕೆಳಗೆ, ಹನ್ನೊಂದು ದಿನದ ಹಿಂದಿನ ತಾರೀಖಿನಲ್ಲಿ, ಸಂಪಾದಕರ ಒಪ್ಪಿಗೆ ಬಿದ್ದಿತ್ತು.

 ಯಂತ್ರ ತನಗೆ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಲೇಖನ ಬಂದ ನಾಲ್ಕು ತಿಂಗಳಿಂದ ಅಂಚೆಯವನ ಹಾಗೆ ಒಂದೊಂದೇ ಬಾಗಿಲು ತಟ್ಟಿಕೊಂಡು, ಕೊನೆಗೆ ಈ ಮೇಜಿನವರೆಗೂ ಬಂದು ನಿಂತಿತ್ತು. ಯಾವ ಮನೆಯಲ್ಲೂ ಬಾಗಿಲು ತೆಗೆಯುವವರು ಇರಲಿಲ್ಲ.

“ಸಂಚಿಕೆ ನಿಲ್ಲಿಸಿ,” ಎಂದರು ಸಂಪಾದಕರು.  “ಆ ನಂಬರಿಗೆ ನೀವೇ ಮಾತಾಡಿ. ನಾನು ಯಾವ ಮುಖ ಇಟ್ಕೊಂಡು ಮಾತಾಡಲಿ?”

ಭೂತಗನ್ನಡಿ ಮೇಜಿನ ಮೇಲಿದ್ದ ಫೋನಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು ಸಲ ಪೂರ್ತಿ ರಿಂಗಾಗುವ ಮೊದಲೇ ಆ ಕಡೆ ಎತ್ತಿಕೊಂಡರು. ಹಲೋ ಎನ್ನಲಿಲ್ಲ. ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು.

“ಪತ್ರಿಕೆ ಆಫೀಸಿಂದ ಮಾತಾಡ್ತಿದೀನಿ. ಏಳನೇ ಪುಟ ಓದಿದೆ. ನಲವತ್ತೆರಡು ಮಕ್ಕಳು ಅಂತ ಬರೆದಿದೀರಲ್ಲ…”

 ಆಮೇಲೆ ಹುಡುಗಿಯೊಬ್ಬಳ ದನಿ, ಪಕ್ಕದ ಕೋಣೆಗೆ ಕೇಳಿಸೀತೆಂಬ ಭಯದಲ್ಲಿ ಮೆಲ್ಲಗೆ, ಕೇಳಿತು:

“ನೀವು ಮನುಷ್ಯರು ತಾನೆ?”